ಕಡಲ ದಂಡೆಯ ನೆರೆಹೊರೆ

(ಶತಮಾನೋತ್ಸವದ ಅಂಗವಾಗಿ ಜರುಗಿದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂತಹ ಸಂದರ್ಭದಲ್ಲಿ ದೇವಾಲಯದ ಚರಿತ್ರೆಯನ್ನು ಕುರಿತು, ಅದನ್ನು ಕಟ್ಟಿದ ಹಿರಿಯರನ್ನು ಕುರಿತು, ಇಲ್ಲಿ ಸೇವೆ ಸಲ್ಲಿಸಿದ ಗುರುಗಳನ್ನು ಕುರಿತು ಮಾತನಾಡಲು ನನಗಿಂತಲೂ ಅರ್ಹರಾದವರು ಈ ವೇದಿಕೆಯ ಮೇಲಿದ್ದಾರೆ. ನನಗೆ ಒಪ್ಪಿಸಿರುವ ವಿಷಯ ನೆರೆಹೊರೆ. ಇದು ಈ ದಿನಕ್ಕೆ ತಕ್ಕ ವಿಷಯವೆಂದೇ ನಾನು ಭಾವಿಸುತ್ತೇನೆ. ಒಂದು ದೇವಾಲಯ ನೂರು ವರ್ಷ ನಿಂತಿತೆಂದರೆ, ಅದರ ಸುತ್ತಲಿನ ಜನ ನೂರು ವರ್ಷ ಒಬ್ಬರಿಗೊಬ್ಬರು ಒದಗಿ ಬಾಳಿದರೆಂದೂ ಅರ್ಥ. ಕಲ್ಲು ಹೊತ್ತವರು, ಹಂಚು ಹೊದಿಸಿದವರು, ದೋಣಿಯಲ್ಲಿ ಸುಣ್ಣ ಮರಳು ತಂದವರು ಎಲ್ಲರೂ ನಮ್ಮ ಧರ್ಮಕೇಂದ್ರದ ಹೆಸರುಪಟ್ಟಿಯಲ್ಲಿ ಇದ್ದವರೇ ಆಗಿರಬೇಕೆಂದೇನೂ ಇಲ್ಲ.

ನೆರೆಹೊರೆಯನ್ನು ಕುರಿತು ತತ್ತ್ವವಾಗಿ ಮಾತನಾಡುವುದಕ್ಕಿಂತ ಒಂದು ಊರನ್ನು ಮುಂದಿಟ್ಟುಕೊಂಡು ಮಾತನಾಡುವುದು ಮೇಲು. ನಾನು ಆರಿಸಿಕೊಂಡಿರುವ ಊರು ಕುಂದಾಪುರ ತಾಲ್ಲೂಕಿನ ಗಂಗೊಳ್ಳಿ. ಈ ಸಭೆಯಲ್ಲಿ ಬಿ.ಜಿ. ಕೆರೆ, ಮೊಳಕಾಲ್ಮೂರು, ಚಳ್ಳಕೆರೆಗಳ ಕಡೆಯ ಬಂಧುಗಳೂ ಇದ್ದಾರೆ. ವರ್ಷಕ್ಕೆ 500 ಮಿಲಿಮೀಟರಿನಷ್ಟು ಮಳೆ ಬಿದ್ದರೆ ಅದೇ ಭಾಗ್ಯವೆಂದುಕೊಳ್ಳುವ ಬಯಲುಸೀಮೆಯವರ ಮುಂದೆ, 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕಡಲತೀರದ ಮಾತು ಏಕೆ ಎಂದು ಅವರು ಕೇಳಬಹುದು. ನೀರಿನ ಲೆಕ್ಕದಲ್ಲಿ ಎರಡು ಸೀಮೆಗಳೂ ಬೇರೆ. ಬದುಕಿನ ಲೆಕ್ಕದಲ್ಲಿ ಅಷ್ಟು ಬೇರೆಯಲ್ಲ. ಮೊಳಕಾಲ್ಮೂರಿನ ರೇಷ್ಮೆ ಸೀರೆಯನ್ನು ಒಬ್ಬನೇ ಮಾಡಿ ಮುಗಿಸಲಾರ. ನೂಲು ಸುತ್ತುವವರು, ಬಣ್ಣ ಹಾಕುವವರು, ಹಾಸು ಮಾಡುವವರು, ನೇಯುವವರು ಎಲ್ಲರ ಕೈಯೂ ಅದಕ್ಕೆ ತಗಲಬೇಕು. ಚಳ್ಳಕೆರೆಯ ಕಂಬಳಿಗೆ ಕುರಿ ಕಾಯುವವನೂ ಬೇಕು, ಉಣ್ಣೆ ನೂಲುವವಳೂ ಬೇಕು, ಮಗ್ಗದವನೂ ಬೇಕು. ಕಡಲ ಕಸುಬೂ ಹೀಗೆಯೇ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವ ಇಂತಹ ದಿನನಿತ್ಯದ ಕೊಡುಕೊಳುವಿನ ಮೇಲೆಯೇ ನೆರೆಹೊರೆ ನಿಂತಿದೆ ಎಂಬುದೇ ನಾನು ಈ ದಿನ ಹೇಳಬೇಕೆಂದಿರುವ ಮಾತು.

ಗಂಗೊಳ್ಳಿಯ ನೆಲೆಯನ್ನು ಮೊದಲು ತಿಳಿಯೋಣ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಕೀ ಎಂಬ ಐದು ನದಿಗಳು ಒಂದುಗೂಡಿ ಪಂಚಗಂಗಾವಳಿಯಾಗಿ ಸಮುದ್ರವನ್ನು ಸೇರುವ ಅಳಿವೆಯ ಬಡಗು ದಂಡೆಯ ಮೇಲೆ ಈ ಊರಿದೆ. ಪಡುವಣಕ್ಕೆ ಕಡಲು, ತೆಂಕಣಕ್ಕೆ ಅಳಿವೆ, ಅದರಾಚೆಗೆ ಕುಂದಾಪುರ. ಕಣ್ಣಿಗೆ ಕಾಣುವ ಕುಂದಾಪುರಕ್ಕೆ ರಸ್ತೆಯಲ್ಲಿ ಹೋಗಬೇಕಾದರೆ ತ್ರಾಸಿ, ಹೆಮ್ಮಾಡಿಗಳನ್ನು ಸುತ್ತಿ ಹೋಗಬೇಕು. ಆದ್ದರಿಂದ ಹಿಂದಿನವರಿಗೆ ಕಡವಿನ ದೋಣಿಯೇ ಹೆದ್ದಾರಿ. ಆ ದೋಣಿಯಲ್ಲಿ ಮೀನಿನ ಬುಟ್ಟಿಯೂ ಕೋರ್ಟಿನ ಕಾಗದಪತ್ರವೂ ಶಾಲೆಯ ಮಕ್ಕಳೂ ಆಸ್ಪತ್ರೆಗೆ ಹೋಗುವ ಗರ್ಭಿಣಿಯೂ ಒಟ್ಟಿಗೆ ಕುಳಿತುಕೊಳ್ಳಬೇಕಿತ್ತು. ಯಾರು ಯಾರ ಪಕ್ಕದಲ್ಲಿ ಕುಳಿತುಕೊಳ್ಳಬೇಕೆಂಬುದನ್ನು ತೀರ್ಮಾನಿಸುತ್ತಿದ್ದವನು ದೋಣಿಯ ತೂಕ ನೋಡುವ ಅಂಬಿಗ.

ಊರಿನಲ್ಲಿ ಖಾರ್ವಿಗಳು, ಮೊಗವೀರರು, ಮುಸಲ್ಮಾನರು, ಗೌಡ ಸಾರಸ್ವತರು, ಬಿಲ್ಲವರು, ನಮ್ಮ ಕಥೋಲಿಕರು ಹೀಗೆ ಅನೇಕ ಜನವರ್ಗಗಳಿವೆ. ಖಾರ್ವಿಗಳ ಮನೆಮಾತು ಕೊಂಕಣಿ, ಸಾರಸ್ವತರದೂ ಕೊಂಕಣಿ, ನಮ್ಮದೂ ಕೊಂಕಣಿ. ಆದರೆ ಮೂವರ ಕೊಂಕಣಿಯೂ ಮೂರು ಬಗೆ. ಬೀದಿಗೆ ಬಂದರೆ ಎಲ್ಲರಿಗೂ ಕುಂದಾಪುರದ ಕನ್ನಡ. ಒಂದೇ ಮೀನನ್ನು ಒಂದು ಮನೆಯಲ್ಲಿ ಬೈಗೆ ಎನ್ನುತ್ತಾರೆ, ಪಕ್ಕದ ಮನೆಯಲ್ಲಿ ತಾರ್ಲೆ ಎನ್ನುತ್ತಾರೆ. ತೆಂಕಣಕ್ಕೆ ಹೋದರೆ ತುಳುವರು ಬೂತಾಯಿ ಎನ್ನುತ್ತಾರೆ, ಬ್ಯಾರಿಗಳು ಮತ್ತಿ ಎನ್ನುತ್ತಾರೆ. ಹೆಸರು ಎಷ್ಟಿದ್ದರೂ ವ್ಯಾಪಾರ ನಿಂತದ್ದಿಲ್ಲ.

ಈ ವ್ಯಾಪಾರವನ್ನು ನಡೆಸುವವರು ಹೆಂಗಸರು. ಬಂದರಿನಲ್ಲಿ ಹರಾಜಾದ ಮೀನನ್ನು ಕೊಂಡು, ಬುಟ್ಟಿಯಲ್ಲಿ ಹೊತ್ತು, ಮನೆಯಿಂದ ಮನೆಗೆ ನಡೆಯುವ ಮೀನುಗಾರ ಮಹಿಳೆಯನ್ನು ನಮ್ಮ ಕರಾವಳಿಯವರು ಕಾಣದೆ ಇಲ್ಲ. ಆಕೆಗೆ ವರ್ತನೆಯ ಮನೆಗಳಿರುತ್ತವೆ. ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾವ ಮನೆಯಲ್ಲಿ ಜ್ವರದಿಂದ ಎದ್ದವರಿದ್ದಾರೆ, ಯಾವ ಮನೆಯ ಮಗನ ಹಣ ಈ ತಿಂಗಳು ಇನ್ನೂ ಬಂದಿಲ್ಲ ಎಂಬುದೆಲ್ಲ ಆಕೆಗೆ ಗೊತ್ತು. ಬಾಣಂತಿಗೆ ಎಳೆಯ ಶಾರ್ಕ್ ಮೀನು, ಜ್ವರದಿಂದ ಎದ್ದವರಿಗೆ ಕಾಣೆ ಮೀನು ಬುಟ್ಟಿಯ ತಳದಲ್ಲಿ ಬೇರೆಯಾಗಿ ಉಳಿದಿರುತ್ತದೆ. "ಅಕ್ಕಾ, ದುಡ್ಡ್ ನಾಳಿಗೆ ಕೊಡಿ, ಮೀನ್ ಹಾಳಾತ್ತ್" ಎಂದು ಆಕೆ ಹೇಳುವಾಗ ಅದು ವ್ಯಾಪಾರವೂ ಹೌದು, ಕರುಣೆಯೂ ಹೌದು. ಇಲ್ಲಿ ಸಾಲಕ್ಕೆ ಕಾಗದವಿಲ್ಲ, ಸಾಕ್ಷಿಯಿಲ್ಲ; ನಾಳೆಯೂ ಆಕೆ ಅದೇ ಬಾಗಿಲಿಗೆ ಬರುತ್ತಾಳೆ ಎಂಬ ನಂಬಿಕೆಯೊಂದೇ ಆಧಾರ.

ಇನ್ನು ರಂಪಣಿಯ ಮಾತು. ಹಿಂದೆ ನಮ್ಮ ಕರಾವಳಿಯ ಉದ್ದಕ್ಕೂ ಬಂಗುಡೆ ಬೈಗೆಗಳನ್ನು ಹಿಡಿಯಲು ದೊಡ್ಡ ರಂಪಣಿ ಬಲೆಗಳಿದ್ದವು. ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಟ್ಟು, ಎರಡೂ ತುದಿಗಳ ಹಗ್ಗವನ್ನು ದಡದಿಂದ ಎಳೆಯಬೇಕು. ಇದಕ್ಕೆ ಹತ್ತಾರು ಮಂದಿ ಬೇಕು. ಬಲೆಯ ತುಂಡುಗಳೂ ಹಲವು ಮನೆಗಳಿಗೆ ಸೇರಿದವು. ಬಂದ ಮೀನಿನಲ್ಲಿ ಬಲೆಗೆ ಪಾಲು, ದೋಣಿಗೆ ಪಾಲು, ಎಳೆದ ಕೈಗಳಿಗೆ ಪಾಲು. ಯಾಂತ್ರಿಕ ದೋಣಿಗಳು ಬಂದ ಮೇಲೆ, ಅದರಲ್ಲಿಯೂ 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬಲೆಗಳು ಬಂದ ಮೇಲೆ, ಮೀನಿನ ಹಿಂಡು ದಡಕ್ಕೆ ಬರುವ ಮೊದಲೇ ಸಮುದ್ರದ ನಡುವೆ ಹಿಡಿಯಲ್ಪಡತೊಡಗಿತು. ದೊಡ್ಡ ರಂಪಣಿಗಳು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದವು. ಚಿಕ್ಕದಾದ ಕೈರಂಪಣಿ ಮಾತ್ರ ಅಲ್ಲಲ್ಲಿ ಉಳಿದಿದೆ. ಯಂತ್ರವನ್ನು ನಾನು ನಿಂದಿಸುವುದಿಲ್ಲ; ಅದರಿಂದ ಅನೇಕ ಮನೆಗಳಿಗೆ ಹೆಂಚು ಬಂದಿದೆ, ಮಕ್ಕಳಿಗೆ ವಿದ್ಯೆ ಬಂದಿದೆ. ಆದರೆ ಊರಿನ ಎಲ್ಲರ ಕೈಯನ್ನೂ ಒಂದೇ ಹಗ್ಗಕ್ಕೆ ತರುತ್ತಿದ್ದ ಆ ಕೆಲಸ ಹೋದಮೇಲೆ, ಅದರ ಸ್ಥಾನವನ್ನು ಬೇರೊಂದು ತುಂಬಲಿಲ್ಲ ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಆದರೂ ದೋಣಿ ಎಂಬುದು ಇಂದಿಗೂ ಒಬ್ಬನ ಸೊತ್ತಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ 61 ದಿನ ಬಂದರು ಸುಮ್ಮನಾದಾಗ ದೋಣಿಯ ಒಡೆಯನಷ್ಟೇ ಅಲ್ಲ, ದೋಣಿ ನಡೆಸುವ ತಾಂಡೇಲ, ಕಲಾಸಿಗಳು, ಮಂಜುಗಡ್ಡೆ ಮಾರುವವನು, ಬಲೆ ಹೆಣೆಯುವವನು, ಲಾರಿಯವನು, ಬುಟ್ಟಿ ಹೊರುವ ಹೆಂಗಸು, ಚಹದ ಅಂಗಡಿಯವನು ಎಲ್ಲರೂ ಸುಮ್ಮನಾಗುತ್ತಾರೆ. 2023ರ ನವೆಂಬರಿನಲ್ಲಿ, ದೀಪಾವಳಿಯ ದಿನಗಳಲ್ಲಿಯೇ, ಗಂಗೊಳ್ಳಿಯ ಬಂದರಿನಲ್ಲಿ ಬೆಂಕಿ ಬಿದ್ದು ಹಲವು ದೋಣಿಗಳು ಸುಟ್ಟುಹೋದವು. ಸುಟ್ಟದ್ದು ಯಾರ ದೋಣಿ ಎಂದು ಕೇಳಿದರೆ ಒಡೆಯರ ಹೆಸರು ಸಿಗಬಹುದು. ಎಷ್ಟು ಮನೆಗಳ ಅನ್ನ ಸುಟ್ಟಿತು ಎಂದು ಕೇಳಿದರೆ, ಇಡೀ ಬೀದಿಯ ಹೆಸರನ್ನೇ ಹೇಳಬೇಕಾದೀತು. ಆ ಬೀದಿಯಲ್ಲಿ ಎಲ್ಲ ಮತದವರೂ ಇದ್ದಾರೆ.

ಹಬ್ಬಗಳ ಕೊಡುಕೊಳುವನ್ನು ನೀವೆಲ್ಲ ಬಲ್ಲಿರಿ, ಹೆಚ್ಚು ವಿವರಿಸುವುದಿಲ್ಲ. ಕ್ರಿಸ್ತಜಯಂತಿಗೆ ನಮ್ಮ ಮನೆಯ ಕುಸ್ವಾರಿನ ತಟ್ಟೆ, ನೆವ್ರಿ ಕಿಡಿಯೊಗಳನ್ನು ಹೊತ್ತು, ಬೇಲಿ ದಾಟುತ್ತದೆ. ಚೌತಿಗೆ ಆಚೆಯಿಂದ ಪಂಚಕಜ್ಜಾಯ ಬರುತ್ತದೆ, ಈದ್ ಹಬ್ಬಕ್ಕೆ ಸಿಹಿ ಬರುತ್ತದೆ. ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ಹಿರಿಯರ ನಿಯಮ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಆದರೆ ಹಬ್ಬದ ತಟ್ಟೆ ವರ್ಷಕ್ಕೊಮ್ಮೆ ಬರುವುದು. ಮೀನಿನ ಬುಟ್ಟಿ ದಿನವೂ ಬರುವುದು. ನೆರೆಹೊರೆಯ ಆರೋಗ್ಯವನ್ನು ತಿಳಿಯಬೇಕಾದರೆ ತಟ್ಟೆಯನ್ನು ನೋಡಿದರೆ ಸಾಲದು, ಬುಟ್ಟಿಯನ್ನು ನೋಡಬೇಕು.

ಈಗ ನಾನು ಸ್ವಲ್ಪ ಕಹಿಯಾದ ಮಾತನ್ನು ಹೇಳಬೇಕಾಗಿದೆ. 2021ರ ಅಕ್ಟೋಬರಿನಲ್ಲಿ ಇದೇ ಗಂಗೊಳ್ಳಿಯಲ್ಲಿ ಗೋವಿನ ವಿಷಯವಾಗಿ ಒಂದು ದೊಡ್ಡ ಪ್ರತಿಭಟನಾ ಮೆರವಣಿಗೆ ನಡೆಯಿತು. ಅದರ ತರುವಾಯ ಮುಸಲ್ಮಾನ ಗ್ರಾಹಕರು ತಮ್ಮಿಂದ ಮೀನು ಕೊಳ್ಳುವುದನ್ನು ನಿಲ್ಲಿಸಿದ್ದಾರೆಂದು ಹಿಂದೂ ಮೀನುಗಾರ ಮಹಿಳೆಯರು ದೂರಿದ್ದು ಪತ್ರಿಕೆಗಳಲ್ಲಿ ವರದಿಯಾಯಿತು. ಮರುವರ್ಷ, 2022ರ ಮಾರ್ಚಿನಲ್ಲಿ, ಇದೇ ಉಡುಪಿ ಜಿಲ್ಲೆಯ ಕಾಪುವಿನ ಮಾರಿಗುಡಿಯ ಜಾತ್ರೆಯಲ್ಲಿ ಮುಸಲ್ಮಾನ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಅವಕಾಶ ದೊರೆಯಲಿಲ್ಲ. ಯಾರದು ಸರಿ, ಯಾರದು ತಪ್ಪು ಎಂದು ತೂಗುವುದು ಈ ವೇದಿಕೆಯ ಕೆಲಸವಲ್ಲ. ನಾನು ಗಮನಕ್ಕೆ ತರಬಯಸುವುದು ಇಷ್ಟೇ. ಎರಡು ಕಡೆಯಲ್ಲಿಯೂ ಮೊದಲು ಮುರಿದದ್ದು ದಿನನಿತ್ಯದ ಕೊಡುಕೊಳು. ಎರಡು ಕಡೆಯಲ್ಲಿಯೂ ಅದರ ಪೆಟ್ಟು ಬಿದ್ದದ್ದು ಅಂದಿನ ಗಳಿಕೆಯಿಂದ ಅಂದಿನ ಅಕ್ಕಿ ಕೊಳ್ಳುವವರ ಮೇಲೆ. ಮಾತಿನ ಜಗಳ ಹತ್ತು ದಿನಕ್ಕೆ ಆರಬಹುದು. ಆದರೆ ಬುಟ್ಟಿ ಹೊತ್ತವಳು ಒಂದು ಬಾಗಿಲನ್ನು ಬಿಟ್ಟು ಮುಂದೆ ನಡೆದಳೆಂದರೆ, ಆ ಮನೆಯ ಜ್ವರದ ಸುದ್ದಿ ಯಾರಿಗೂ ತಿಳಿಯುವುದಿಲ್ಲ.

ಈ ಜಗಳಗಳಲ್ಲಿ ನಾವು ಕಥೋಲಿಕರು ಇಲ್ಲವಲ್ಲ ಎಂದು ನಿಟ್ಟುಸಿರು ಬಿಡುವವರಿರಬಹುದು. ಅಂತಹವರಿಗೆ ಒಂದು ಪ್ರಶ್ನೆ. ನಮ್ಮ ಧರ್ಮಕೇಂದ್ರಗಳಲ್ಲಿ ವಾಡೊಗಳಿವೆ, ಪ್ರತಿಯೊಂದಕ್ಕೂ ಗುರ್ಕಾರರಿದ್ದಾರೆ, ಕಿರು ಕ್ರೈಸ್ತ ಸಮುದಾಯಗಳಿವೆ. ಇವು ಒಳ್ಳೆಯ ವ್ಯವಸ್ಥೆಗಳೇ. ರೋಗಿಗಳ ಭೇಟಿ, ಸತ್ತವರ ಮನೆಯ ಪ್ರಾರ್ಥನೆ ಇವುಗಳಿಂದಲೇ ಕ್ರಮವಾಗಿ ನಡೆಯುತ್ತಿವೆ. ಆದರೆ ಗುರ್ಕಾರರ ಪಟ್ಟಿಯಲ್ಲಿ ಇರುವುದು ನಮ್ಮ ಮನೆಗಳು ಮಾತ್ರ. ನಮ್ಮ ಎರಡು ಮನೆಗಳ ನಡುವೆ ಇರುವ ಮೂರನೆಯ ಮನೆ ಆ ಪಟ್ಟಿಯಲ್ಲಿ ಇಲ್ಲ. ನೆರೆಯವನು ಯಾರು ಎಂದು ಧರ್ಮಶಾಸ್ತ್ರಿಯೊಬ್ಬ ಕೇಳಿದಾಗ ಪ್ರಭು ಯೇಸು ಪಟ್ಟಿಯನ್ನು ಓದಲಿಲ್ಲ. ಕೇಳಿದವನ ಜನ ಮುಟ್ಟದ ಸಮಾರಿಯದವನೊಬ್ಬನ ಕಥೆಯನ್ನು ಹೇಳಿದರು. ಪೇತ್ರನ ಬಲೆಗಳು ಹರಿಯುವಷ್ಟು ಮೀನು ಸಿಕ್ಕಿದ ಪ್ರಸಂಗವನ್ನೂ ನೆನೆಯಿರಿ. ಆ ಪವಾಡದ ಮೀನನ್ನು ದಡಕ್ಕೆ ತರಲು ಪಕ್ಕದ ದೋಣಿಯವರನ್ನು ಕೈಬೀಸಿ ಕರೆಯಬೇಕಾಯಿತು.

ಇನ್ನೊಂದು ಸಂಗತಿ ಸದ್ದಿಲ್ಲದೆ ನಡೆಯುತ್ತಿರುವುದು. ಮೊದಲು ಬೊಂಬಾಯಿ, ಆಮೇಲೆ ಕೊಲ್ಲಿಯ ದೇಶಗಳು, ಈಗ ಇನ್ನೂ ದೂರದ ದೇಶಗಳು ನಮ್ಮ ತರುಣರನ್ನು ಕರೆದುಕೊಂಡಿವೆ. ದೊಡ್ಡ ಮನೆಗಳು ಎದ್ದಿವೆ; ಒಳಗೆ ಒಬ್ಬ ಮುದುಕಿಯೋ, ಇಬ್ಬರು ವೃದ್ಧ ದಂಪತಿಗಳೋ ಇರುತ್ತಾರೆ. ಮಗ ಪ್ರತಿದಿನ ದೂರವಾಣಿಯಲ್ಲಿ ಮುಖವನ್ನೇ ತೋರಿಸಿ ಮಾತನಾಡಬಹುದು. ಆದರೆ ರಾತ್ರಿ ಎದೆನೋವು ಬಂದಾಗ ರಿಕ್ಷಾ ತರುವವನು ಪಕ್ಕದ ಮನೆಯವನೇ. ಬೀಗದ ಕೈಯನ್ನು ನಂಬಿ ಕೊಡಬೇಕಾದುದು ಅವನಿಗೇ. ಆ ಮನೆಯ ಸುತ್ತ ಎತ್ತರದ ಗೋಡೆ ಕಟ್ಟುವಾಗ, ಕಳ್ಳನು ದಾಟದಷ್ಟು ಎತ್ತರದ ಗೋಡೆಯನ್ನು ಕೂಗೂ ದಾಟುವುದಿಲ್ಲ ಎಂಬುದನ್ನು ನೆನಪಿಡಬೇಕು.

ಹಾಗಾದರೆ ನಾವು ಮಾಡಬೇಕಾದುದೇನು? ನಾನು ದೊಡ್ಡ ಯೋಜನೆಗಳನ್ನು ಸೂಚಿಸುವುದಿಲ್ಲ. ಮನೆಬಾಗಿಲಿಗೆ ಬರುವ ಹೆಂಗಸಿನಿಂದ ಮೀನನ್ನೋ ತರಕಾರಿಯನ್ನೋ ಕೊಳ್ಳುವ ರೂಢಿಯನ್ನು ಬಿಡದಿರೋಣ. ಅಂಗಡಿಯಲ್ಲಿ ಎರಡು ರೂಪಾಯಿ ಕಡಮೆಗೆ ಸಿಗಬಹುದು, ಆದರೆ ಅಂಗಡಿ ನಮ್ಮ ಮನೆಯ ಕ್ಷೇಮವನ್ನು ಕೇಳುವುದಿಲ್ಲ. ಪಕ್ಕದ ಮನೆಯವನ ಬಗ್ಗೆ ಏನಾದರೂ ಸುದ್ದಿ ಕೇಳಿಬಂದರೆ, ಅದನ್ನು ಹತ್ತು ಜನರಿಗೆ ರವಾನಿಸುವ ಮೊದಲು ಅವನ ಜಗಲಿಯಲ್ಲಿಯೇ ಕುಳಿತು ಅವನನ್ನೇ ಕೇಳೋಣ. ಗುರ್ಕಾರರು ತಮ್ಮ ವಾಡೊದ ಭೇಟಿಗೆ ಹೊರಟಾಗ, ಪಟ್ಟಿಯಲ್ಲಿ ಇಲ್ಲದ ಮನೆಯ ಮುಂದೆಯೂ ಒಂದು ಕ್ಷಣ ನಿಂತು ಕ್ಷೇಮವನ್ನು ವಿಚಾರಿಸಲಿ. ಯುವಜನರು ಒಂಟಿಯಾಗಿರುವ ವೃದ್ಧರ ಮನೆಗಳನ್ನು ಗುರುತಿಸಿಕೊಂಡು, ಅವರು ಯಾವ ಮತದವರೇ ಆಗಿರಲಿ, ವಾರಕ್ಕೊಮ್ಮೆಯಾದರೂ ಕದ ತಟ್ಟಲಿ. ಬಯಲುಸೀಮೆಯ ಬಂಧುಗಳು ಮೀನಿನ ಬುಟ್ಟಿಯ ಜಾಗದಲ್ಲಿ ಹಾಲಿನ ತಂಬಿಗೆಯನ್ನೋ ಮಗ್ಗದ ನೂಲನ್ನೋ ಇಟ್ಟುಕೊಂಡು ಈ ಮಾತನ್ನು ತಮಗೆ ಹೊಂದಿಸಿಕೊಳ್ಳಲಿ.

ಶತಮಾನೋತ್ಸವದ ನೆನಪಿಗಾಗಿ ಗೋಪುರವನ್ನು ದುರಸ್ತಿ ಮಾಡಿಸುತ್ತೇವೆ, ಗಂಟೆಗೆ ಹೊಸ ಹಗ್ಗ ಕಟ್ಟುತ್ತೇವೆ. ಅವೆಲ್ಲವೂ ಆಗಲಿ. ಆದರೆ ಆ ಗಂಟೆಯ ಧ್ವನಿ ನಮ್ಮ ಮನೆಗಳಿಗೆ ಮಾತ್ರ ಕೇಳಿಸುವುದಿಲ್ಲ, ಊರಿಗೆಲ್ಲ ಕೇಳಿಸುತ್ತದೆ. ಅದನ್ನು ಕೇಳುವ ಎಲ್ಲರಿಗೂ ನಾವು ಒಳ್ಳೆಯ ನೆರೆಯವರಾಗಿ ಮುಂದಿನ ನೂರು ವರ್ಷಗಳನ್ನು ಕಳೆಯುವಂತೆ ದೇವರು ನಮ್ಮನ್ನು ಹರಸಲೆಂದು ಪ್ರಾರ್ಥಿಸಿ, ನನ್ನ ಮಾತನ್ನು ಮುಗಿಸುತ್ತೇನೆ.