ಮಾತ್ರೆಯ ಜೊತೆಗೆ ಹೊಟ್ಟೆಗೆ ಹೋಗುವುದೇನೇನು?



ಈ ಆರೋಗ್ಯ ಪ್ರದರ್ಶನದ ಮೇಜುಗಳ ಮೇಲೆ ಮಾತ್ರೆಗಳ ಪಕ್ಕದಲ್ಲೇ ಎಳನೀರು, ರಾಗಿ, ಕಾಫಿಪುಡಿ, ಮೆಣಸು, ಅಡಿಕೆ ಇವೆ. ಔಷಧಿಗೂ ಅಡುಗೆಮನೆಗೂ ಏನು ಸಂಬಂಧ ಎನ್ನುವವರಿಗೆ ಉತ್ತರ ಬೆಳಗಿನ ಕಾಫಿಯಲ್ಲೇ ಇದೆ.

ಥೈರಾಯ್ಡ್ ಮಾತ್ರೆಯನ್ನು ಬರಿಹೊಟ್ಟೆಯಲ್ಲಿ, ನೀರಿನಲ್ಲಿ ನುಂಗಬೇಕು. ಕಾಫಿ, ತಿಂಡಿಗೆ ಅರ್ಧ ಗಂಟೆಯಾದರೂ, ಸಾಧ್ಯವಾದರೆ ಒಂದು ಗಂಟೆ ಕಾಯಬೇಕು. ಚಿಕ್ಕಮಗಳೂರು ಜಿಲ್ಲೆಯ ಮನೆಗಳಲ್ಲಿ ಇದು ಸುಲಭದ ಮಾತಲ್ಲ. ಮುಖ ತೊಳೆದ ಕೂಡಲೇ ಲೋಟ ಕೈಗೆ ಬರುತ್ತದೆ, ಮಾತ್ರೆಯೂ ಆ ಗುಟುಕಿನಲ್ಲೇ ಇಳಿಯುತ್ತದೆ. ಹಾಗೆ ಇಳಿದ ಮಾತ್ರೆಯನ್ನು ಕರುಳು ಸರಿಯಾಗಿ ಹೀರಿಕೊಳ್ಳುವುದಿಲ್ಲ ಎಂಬುದನ್ನು ಇಟಲಿಯ ವೈದ್ಯರು 2008ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಟಿಎಸ್‌ಎಚ್ ಎಂಬ ಥೈರಾಯ್ಡ್ ಸೂಚಕ ರಕ್ತದಲ್ಲಿ ಇಳಿಯದಿದ್ದಾಗ ಡೋಸ್ ಏರುತ್ತದೆ. ಕಾಫಿಯನ್ನು ಯಾರೂ ವಿಚಾರಿಸುವುದಿಲ್ಲ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗಂತೂ ನಾಲ್ಕು ಗಂಟೆಯ ಅಂತರ ಬೇಕು.

ಗರ್ಭಿಣಿಯರಿಗೆ ಸರ್ಕಾರ ಕೊಡುವ ಕಬ್ಬಿಣದ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿದೆ. ಜೊತೆಗೆ ಕ್ಯಾಲ್ಸಿಯಂ ಮಾತ್ರೆಯನ್ನೂ ಕೊಡುತ್ತಾರೆ. ಎರಡನ್ನೂ ಒಟ್ಟಿಗೆ ನುಂಗಿದರೆ ಒಂದು ಇನ್ನೊಂದಕ್ಕೆ ಅಡ್ಡ ಬರುತ್ತದೆ. ಟೀ, ಕಾಫಿ, ಹಾಲಿನ ಜೊತೆಗೂ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ರಾಗಿಯೂ ಹಾಗೆಯೇ, ಆದರೆ ಅದನ್ನು ಬಿಡಬೇಕಿಲ್ಲ, ಮುದ್ದೆಯ ಊಟಕ್ಕೂ ಮಾತ್ರೆಗೂ ನಡುವೆ ಒಂದೆರಡು ಗಂಟೆ ಬಿಟ್ಟರಾಯಿತು. ಮನೆ ಮನೆಗೆ ಮಾತ್ರೆ ತಲುಪಿಸುವ ಆಶಾ ಕಾರ್ಯಕರ್ತೆಯರು ಈ ಒಂದು ಮಾತನ್ನೂ ತಲುಪಿಸಿದರೆ ಎಷ್ಟೋ ತಾಯಂದಿರ ಹಿಮೋಗ್ಲೋಬಿನ್ ಏರೀತು.

ಕಡೂರಿನವರಿಗೆ ಎಳನೀರು ಎಂದರೆ ಮನೆಮದ್ದು. ಸುಸ್ತಾದರೂ ಎಳನೀರು, ಜ್ವರ ಬಂದರೂ ಎಳನೀರು. ಆರೋಗ್ಯವಂತರಿಗೆ ಅದು ಒಳ್ಳೆಯದೇ. ಆದರೆ ಅದರಲ್ಲಿ ಪೊಟ್ಯಾಸಿಯಂ ಬಹಳ. ಬಿಪಿಗೆ, ಹೃದಯಕ್ಕೆ ಕೊಡುವ ಟೆಲ್ಮಿಸಾರ್ಟನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್‌ನಂಥ ಮಾತ್ರೆಗಳು ಪೊಟ್ಯಾಸಿಯಂ ಅನ್ನು ಮೈಯಲ್ಲೇ ಉಳಿಸುತ್ತವೆ. ಮೂತ್ರಪಿಂಡವೂ ದುರ್ಬಲವಾಗಿದ್ದರೆ ರಕ್ತದಲ್ಲಿ ಅದರ ಮಟ್ಟ ಏರಿ ಹೃದಯದ ಬಡಿತವೇ ತಪ್ಪಬಹುದು. ಬಿಪಿಗೆ ಒಳ್ಳೆಯದೆಂದು ಮಾರುವ ‘ಕಡಿಮೆ ಸೋಡಿಯಂ’ ಉಪ್ಪಿನಲ್ಲಿರುವುದೂ ಇದೇ ಪೊಟ್ಯಾಸಿಯಂ.

ತರೀಕೆರೆಯ ಅಡಿಕೆ ಬೆಳೆಗಾರರ ಮುಂದೆ ಅಡಿಕೆಯ ಮಾತೆತ್ತುವುದು ಕಷ್ಟ, ಆದರೂ ಹೇಳಲೇಬೇಕು. ಮಾನಸಿಕ ಕಾಯಿಲೆಗೆ ಮಾತ್ರೆ ನುಂಗುತ್ತಾ ಅಡಿಕೆಯನ್ನು ವಿಪರೀತ ಅಗಿಯುತ್ತಿದ್ದವರಲ್ಲಿ ಕೈಕಾಲು ಬಿಗಿತ, ನಡುಕ ಕಾಣಿಸಿಕೊಂಡದ್ದು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ. ಅಡಿಕೆಯ ಅರೆಕೋಲಿನ್ ಅಸ್ತಮಾ ಇರುವವರ ಉಸಿರನ್ನೂ ಕೆಡಿಸಬಲ್ಲದು.

ಮೆಣಸಿನ ಶಕ್ತಿಯನ್ನು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲೇ ತೋರಿಸಿದ್ದರು. ಅರಿಶಿನದ ಸಾರವಾದ ಕರ್ಕ್ಯುಮಿನ್ ಎರಡು ಗ್ರಾಂ ಜೊತೆಗೆ ಬರೀ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ರಕ್ತಕ್ಕೆ ಸೇರಿದ ಕರ್ಕ್ಯುಮಿನ್ ಶೇ. 2000ರಷ್ಟು ಹೆಚ್ಚಿತು. ಪೈಪರಿನ್ ಮೆಣಸಿನ ಖಾರದ ಸಾರ. ಮೂರ್ಛೆರೋಗದ ಫೆನಿಟಾಯಿನ್ ಮಟ್ಟವನ್ನೂ ಅದು ಏರಿಸಬಲ್ಲದು. ಸಾರಿಗೆ ಹಾಕುವ ನಾಲ್ಕು ಕಾಳಿನ ಬಗ್ಗೆ ಹೆದರಬೇಕಿಲ್ಲ. ಅರಿಶಿನ, ಮೆಣಸಿನ ಸಾರ ತುಂಬಿದ ಕ್ಯಾಪ್ಸೂಲನ್ನು ದಿನವೂ ನುಂಗುವವರು ಮಾತ್ರ ವೈದ್ಯರಿಗೆ ತಿಳಿಸಲೇಬೇಕು. ದೇವನಹಳ್ಳಿಗೆ ಹೆಸರು ತಂದ ಚಕ್ಕೋತವೂ ಇಂಥದ್ದೇ: ಕೆಲವು ಬಿಪಿ, ಕೊಲೆಸ್ಟರಾಲ್ ಮಾತ್ರೆಗಳು ಕರುಳಿನಲ್ಲಿ ವಿಭಜನೆಯಾಗದಂತೆ ತಡೆದು, ರಕ್ತದಲ್ಲಿ ಅವುಗಳ ಪ್ರಮಾಣ ಏರಿಸುತ್ತದೆ.

ಇವೆಲ್ಲಕ್ಕಿಂತ ಹೆಚ್ಚು ಕಳವಳ ತರುವುದು ಹೇಳದೆ ಉಳಿಯುವ ಪುಡಿ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ನುಂಗುವವರು ಜೊತೆಗೆ ಮಧುನಾಶಿನಿ ಪುಡಿ, ಹಾಗಲಕಾಯಿ ರಸ, ನೆನೆಸಿದ ಮೆಂತ್ಯ ಶುರುಮಾಡುತ್ತಾರೆ. ಸಕ್ಕರೆ ಇಳಿಸುವ ಗುಣ ಅವುಗಳಿಗೂ ಇದೆ. ಎರಡೂ ಸೇರಿ, ಊಟವೂ ತಡವಾದರೆ, ತೋಟದ ನಡುವೆಯೇ ಬೆವರಿ, ಕಣ್ಣು ಕತ್ತಲಿಟ್ಟು ಕುಸಿದು ಬೀಳಬಹುದು. ಆಸ್ಪತ್ರೆಯಲ್ಲಿ ‘ಬೇರೆ ಏನಾದರೂ ಔಷಧಿ ತಗೋತೀರಾ’ ಎಂದರೆ ಉತ್ತರ ‘ಇಲ್ಲ’. ಅದು ಸುಳ್ಳಲ್ಲ; ಪುಡಿಯನ್ನು ಅವರು ಔಷಧಿಯ ಲೆಕ್ಕಕ್ಕೇ ಹಿಡಿದಿಲ್ಲ. ಆದ್ದರಿಂದ ಪ್ರಶ್ನೆಯೇ ಬದಲಾಗಬೇಕು: ಪುಡಿ, ಕಷಾಯ, ಲೇಹ್ಯ, ಟಾನಿಕ್, ಮಂಡಿನೋವಿಗೆ ಅಂಗಡಿಯಿಂದ ತಂದ ಮಾತ್ರೆ, ಏನೇನು ನಡೆಯುತ್ತಿದೆ? ರಕ್ತ ತೆಳುವಾಗಿಸುವ ಮಾತ್ರೆಯ ಮೇಲಿರುವವರಿಗೆ ಆ ನೋವಿನ ಮಾತ್ರೆ ಒಂದೇ ಸಾಕು, ಹೊಟ್ಟೆಯೊಳಗೆ ರಕ್ತ ಸುರಿಯಲು.

ಇಷ್ಟು ಕೇಳಿ ಯಾರೂ ತಾವಾಗಿ ಮಾತ್ರೆ ನಿಲ್ಲಿಸಬಾರದು. ಮನೆಯಲ್ಲಿರುವ ಮಾತ್ರೆ, ಪುಡಿ, ಡಬ್ಬಿಗಳನ್ನೆಲ್ಲ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರಿಗೋ ಫಾರ್ಮಸಿಸ್ಟ್‌ಗೋ ತೋರಿಸಬೇಕು. ಔಷಧಿಯಿಂದ ತೊಂದರೆಯಾದರೆ ತಿಳಿಸಲು ರಾಷ್ಟ್ರೀಯ ಸಹಾಯವಾಣಿ 1800-180-3024 ಇದೆ. ಪ್ರದರ್ಶನ ಈಗ ತೆರೆದಿದೆ. ಮೊದಲು ಎಳನೀರಿನ ಮೇಜಿಗೆ ಬನ್ನಿ, ಬಿಪಿ ಮಾತ್ರೆಯ ಚೀಟಿ ಕೈಯಲ್ಲಿರಲಿ.