ಈಸ್ಟರ್ ಎಂಬ ಪದ, ಕ್ಯಾಸನೂರು ಎಂಬ ಹೆಸರು

(ಕ್ಯಾಸನೂರು ಸುತ್ತಲಿನ ಕುಟುಂಬಗಳು ಸೇರಿದ್ದ ಪಾಸ್ಕ ಜಾಗರಣೆಯ ರಾತ್ರಿ ನೀಡಿದ ಪ್ರಬೋಧನೆ)



ತಪಸ್ಸುಕಾಲದ ಉದ್ದಕ್ಕೂ ನಮ್ಮ ಬಾಯಿಗೆ ಬಾರದಿದ್ದ ಅಲ್ಲೆಲೂಯವನ್ನು ಈಗ ತಾನೆ ಹಾಡಿದೆವು. ಹಿಂದಿನ ಸಾಲಿನಲ್ಲಿ ಕುಳಿತಿರುವ ಮಕ್ಕಳು ಅದನ್ನು ಎಷ್ಟು ಗಟ್ಟಿಯಾಗಿ ಹಾಡಿದರೆಂದರೆ, ಗದ್ದೆಯಾಚೆಯ ಕಾಡಿನವರೆಗೂ ಅದು ಕೇಳಿಸಿರಬೇಕು. ಒಳ್ಳೆಯದೇ ಆಯಿತು.

ಗರಿಗಳ ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ಹಿರಿಯ ತಾಯಿಯೊಬ್ಬರು ನನ್ನನ್ನು ಬದಿಗೆ ಕರೆದು ಕೇಳಿದರು: "ಫಾದರ್, ಈಸ್ಟರ್ ಅನ್ನಬಾರದಂತೆ. ಅದು ಯಾವುದೋ ಹಳೇ ಕಾಲದ ದೇವತೆಯ ಹೆಸರಂತೆ. ಮಗನ ಮೊಬೈಲಿಗೆ ಬಂದಿದೆ. ಇಷ್ಟು ವರ್ಷ ನಾನು ಎಲ್ಲರಿಗೂ ಹ್ಯಾಪಿ ಈಸ್ಟರ್ ಅಂದೆನಲ್ಲ, ತಪ್ಪಾಯಿತೇ?" ಅವರ ಮುಖದಲ್ಲಿ ನಿಜವಾದ ಕಳವಳವಿತ್ತು. ಉತ್ತರವನ್ನು ಹಬ್ಬದ ರಾತ್ರಿ ಹೇಳುತ್ತೇನೆ ಎಂದೆ. ಅವರು ಇಂದು ಇಲ್ಲಿದ್ದಾರೆ, ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕು.

ಆ ಸಂದೇಶ ಪೂರ್ತಿ ಸುಳ್ಳಲ್ಲ. ಆ ಮಾತನ್ನು ಮೊದಲು ಬರೆದಿಟ್ಟವರು ನಮ್ಮ ಧರ್ಮಸಭೆಯ ಸಂತರೇ. ಇಂಗ್ಲೆಂಡಿನ ಜ್ಯಾರೋ ಮಠದ ಸನ್ಯಾಸಿ ಸಂತ ಬೀಡರು 725ರಲ್ಲಿ ಕಾಲಗಣನೆಯ ಕುರಿತು ಲತೀನ್ ಭಾಷೆಯಲ್ಲಿ ಒಂದು ಗ್ರಂಥ ರಚಿಸಿದರು. ಇಂಗ್ಲಿಷ್ ಜನರು ಹಿಂದೆ ಏಪ್ರಿಲ್ ಸುಮಾರಿನ ತಿಂಗಳನ್ನು ಏಯೊಸ್ಟುರ್ ಮಾಸ ಎಂದು ಕರೆಯುತ್ತಿದ್ದರು, ಏಯೊಸ್ಟ್ರೆ ಎಂಬ ದೇವತೆಯಿಂದ ಆ ಹೆಸರು ಬಂದಿತ್ತು, ಈಗ ಅದೇ ಹೆಸರಿನಿಂದ ಪಾಸ್ಕ ಕಾಲವನ್ನು ಕರೆಯುತ್ತಾರೆ ಎಂದು ಅದರಲ್ಲಿ ಹೇಳಿದ್ದಾರೆ. ಹೀಗೆ ಬರೆದ ಬೀಡರನ್ನು ಧರ್ಮಸಭೆ ದೂರವಿಡಲಿಲ್ಲ. 1899ರಲ್ಲಿ ಹದಿಮೂರನೆಯ ಲಿಯೋ ಜಗದ್ಗುರುಗಳು ಅವರನ್ನು ಧರ್ಮಸಭೆಯ ಪಂಡಿತರೆಂದು ಘೋಷಿಸಿದರು.

ಜರ್ಮನ್ನರೂ ಈ ಹಬ್ಬವನ್ನು ಓಸ್ಟರ್ನ್ ಎನ್ನುತ್ತಾರೆ. ಆದರೆ ಅವರ ಒಡಹುಟ್ಟಿನ ಭಾಷೆಗಳಲ್ಲಿ ಹಾಗಿಲ್ಲ. ಡಚ್ಚರಿಗೆ ಇದು ಪಾಸೆನ್, ಡೇನರಿಗೆ ಪೋಸ್ಕೆ, ಐಸ್‌ಲ್ಯಾಂಡಿನವರಿಗೆ ಪೌಸ್ಕರ್. ಜರ್ಮನಿಯ ಒಳಗೇ ಉತ್ತರದ ಕರಾವಳಿಯ ಹಳ್ಳಿಗರ ಆಡುಮಾತಿನಲ್ಲಿ ಪಾಸ್ಕೆನ್ ಎಂಬ ರೂಪ ಉಳಿದಿದೆ. ಕೇಳಿದಿರಾ? ನಮ್ಮ ಕೊಂಕಣಿ ಮನೆಗಳ ಅಜ್ಜಿಯಂದಿರು ಹೇಳುವ ಪಾಸ್ಕ ಅದರ ತೀರಾ ಹತ್ತಿರದ ಬಂಧು. ಎಲ್ಲವೂ ಇಸ್ರಯೇಲರ ಪೆಸಹ ಹಬ್ಬದಿಂದ ಹರಿದು ಬಂದವು. ಬಾಗಿಲ ಚೌಕಟ್ಟಿಗೆ ಕುರಿಮರಿಯ ರಕ್ತ ಹಚ್ಚಿದ್ದ ಮನೆಗಳನ್ನು ದಾಟಿ ಹೋದ ಆ ರಾತ್ರಿಯ ನೆನಪು ಅದರಲ್ಲಿದೆ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಪಾಸ್ಕೆನ್ ಎನ್ನುವ ಆ ಕರಾವಳಿ ಪ್ರದೇಶದ ಹೆಸರು ಓಸ್ಟ್‌ಫ್ರೀಸ್‌ಲ್ಯಾಂಡ್, ಅಂದರೆ ಪೂರ್ವದ ಫ್ರೀಸಿಯ. ಅಲ್ಲಿನ ರೆಸ್ಟರ್‌ಹಾಫೆ ಎಂಬ ಪುಟ್ಟ ಊರಿನಲ್ಲಿ 1832ರಲ್ಲಿ ಹುಟ್ಟಿದವರು ಫರ್ಡಿನೆಂಡ್ ಕಿಟೆಲ್. ಬಾಸೆಲ್ ಮಿಶನ್ನಿನ ಪಾದ್ರಿಯಾಗಿ ನಮ್ಮ ನಾಡಿಗೆ ಬಂದು, 1894ರಲ್ಲಿ ಮಂಗಳೂರಿನಲ್ಲಿ ಸುಮಾರು 70,000 ಪದಗಳ ಕನ್ನಡ ನಿಘಂಟನ್ನು ಅಚ್ಚು ಹಾಕಿಸಿದ ಮಹಾನುಭಾವರು. ಅವರು ನಮ್ಮ ಸಭೆಯವರಲ್ಲ, ಆದರೂ ಕನ್ನಡದಲ್ಲಿ ಪ್ರಾರ್ಥಿಸುವ ನಾವೆಲ್ಲ ಅವರಿಗೆ ಋಣಿಗಳು.

ಹಾಗಾದರೆ ಈಸ್ಟರ್ ಎಂಬ ಪದದ ಬೇರು ಯಾವುದು? ಪೂರ್ವ ದಿಕ್ಕಿಗೆ ಇಂಗ್ಲಿಷಿನಲ್ಲಿ ಈಸ್ಟ್, ಜರ್ಮನಿನಲ್ಲಿ ಓಸ್ಟ್. ಆಸ್ಟ್ರಿಯ ದೇಶವನ್ನು ಅಲ್ಲಿನವರು ಓಸ್ಟರ್‌ರೈಖ್, ಪೂರ್ವದ ರಾಜ್ಯ, ಎನ್ನುತ್ತಾರೆ. ಈ ಎಲ್ಲ ಪದಗಳ ಹಿಂದಿರುವುದು ಬೆಳಗು, ಅರುಣೋದಯ ಎಂಬ ಅರ್ಥದ ಒಂದೇ ಮೂಲ. ಲತೀನಿನ ಔರೋರ ಆ ಮೂಲದ್ದೇ. ಸಂಸ್ಕೃತದ ಉಷಸ್ ಸಹ ಆ ಮೂಲದ್ದೇ. ನಾವು ಉಷಃಕಾಲ ಎನ್ನುತ್ತೇವಲ್ಲ, ನಮ್ಮ ಹೆಣ್ಣುಮಕ್ಕಳಿಗೆ ಉಷಾ ಎಂದು ಹೆಸರಿಡುತ್ತೇವಲ್ಲ, ಆ ಪದವೂ ಈಸ್ಟರ್ ಎಂಬ ಪದವೂ ಅಕ್ಕತಂಗಿಯರು! ಬೀಡರು ಹೇಳಿದ ದೇವತೆಯ ಬಗ್ಗೆ ವಿದ್ವಾಂಸರು ಇನ್ನೂ ವಾದಿಸುತ್ತಾರೆ. ಆಕೆಯ ಹೆಸರನ್ನು ನೇರವಾಗಿ ಹೇಳುವ ಹಳೆಯ ಬರಹ ಬೀಡರದ್ದೊಂದೇ. ಹೊಸದಾಗಿ ದೀಕ್ಷಾಸ್ನಾನ ಪಡೆದವರು ಪಾಸ್ಕದ ವಾರವಿಡೀ ಬಿಳಿಯ ಉಡುಪು ತೊಡುತ್ತಿದ್ದರು, ಲತೀನಿನಲ್ಲಿ ಬಿಳುಪಿಗೆ ಬಳಸುವ ಆಲ್ಬ ಎಂಬ ಪದಕ್ಕೆ ಬೆಳಗು ಎಂಬ ಅರ್ಥವೂ ಬಂತು, ಅದನ್ನೇ ಜರ್ಮನ್ನರು ತಮ್ಮ ಮಾತಿಗೆ ತಿರುಗಿಸಿಕೊಂಡರು ಎಂದು ಹೇಳುವವರೂ ಇದ್ದಾರೆ. ಹೇಗೆ ನೋಡಿದರೂ ಕೊನೆಗೆ ಬಂದು ನಿಲ್ಲುವುದು ಬೆಳಗಿನ ಹತ್ತಿರವೇ.

ಅಮ್ಮಾ, ನಿನ್ನೆ ತಾನೆ ನಾವು ಶುಭ ಶುಕ್ರವಾರ ಆಚರಿಸಿದೆವು. ಹಾಗೆಂದಾಗ ನಾವು ಶುಕ್ರಗ್ರಹವನ್ನು ಪೂಜಿಸಿದೆವೇ? ನಾಳೆ ಭಾನುವಾರ. ಭಾನು ಎಂದರೆ ಸೂರ್ಯ. ಆದರೆ ನಾಳೆ ನೀವು ಬಲಿಪೂಜೆಗೆ ಬರುವುದು ಪ್ರಭುವಿಗಾಗಿ. ಪದ ಎಲ್ಲಿ ಹುಟ್ಟಿತು ಎಂಬುದು ಒಂದು ಸಂಗತಿ, ಈಗ ಅದರೊಳಗೆ ಯಾರು ವಾಸವಾಗಿದ್ದಾರೆ ಎಂಬುದು ಬೇರೆ ಸಂಗತಿ. ನೀವು ಯಾವ ಅಂಜಿಕೆಯೂ ಇಲ್ಲದೆ ಹ್ಯಾಪಿ ಈಸ್ಟರ್ ಅನ್ನಿ. ಪಾಸ್ಕ ಅಂದರೆ ನನಗೆ ಇನ್ನೂ ಸಂತೋಷ, ಅದು ಬೇರೆ ಮಾತು.

ಪ್ರಿಯರೇ, ಈ ಪದದ ಕಥೆಯನ್ನು ನಾನು ಇಷ್ಟು ದೂರ ಎಳೆದದ್ದಕ್ಕೆ ಇನ್ನೊಂದು ಕಾರಣವಿದೆ. ಈ ಭಾಗದ ಯುವಕನೊಬ್ಬ ಬೆಂಗಳೂರಿನ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾನೆ. ಊರು ಯಾವುದೆಂದು ಯಾರಾದರೂ ಕೇಳಿದರೆ ಶಿಕಾರಿಪುರದ ಹತ್ತಿರ ಎಂದು ಹೇಳಿ ಸುಮ್ಮನಾಗುತ್ತಾನಂತೆ. ಮೊದಲ ವರ್ಷ ಕ್ಯಾಸನೂರು ಎಂದು ಹೇಳಿದ್ದಕ್ಕೆ ಪಕ್ಕದ ಮಂಚದವನು ಫೋನಿನಲ್ಲಿ ಹುಡುಕಿ ನೋಡಿ, ನಗುತ್ತಾ ತನ್ನ ಹಾಸಿಗೆಯನ್ನು ದೂರ ಎಳೆದುಕೊಂಡನಂತೆ. ನಕ್ಕದ್ದು ತಮಾಷೆಗೇ ಇರಬಹುದು. ಆದರೆ ಆ ಹುಡುಗ ಅದನ್ನು ಮರೆತಿಲ್ಲ.

ಅವನು ಅಲ್ಲಿ ಕಂಡದ್ದು ಏನೆಂದು ನಿಮಗೆ ಗೊತ್ತು. 1957ರಲ್ಲಿ ನಮ್ಮ ಈ ಕಾಡಿನಲ್ಲಿ ಮಂಗಗಳು, ಮುಸುವಗಳು ಸತ್ತು ಬೀಳತೊಡಗಿದವು. ಸುತ್ತಲ ಹಳ್ಳಿಗಳ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರು ಬಂದರು. ಹಳದಿ ಜ್ವರವೇ ಇಂಡಿಯಾಕ್ಕೆ ಬಂತೇನೋ ಎಂಬುದು ಅವರ ಮೊದಲ ಭಯ. ಪರೀಕ್ಷಿಸಿದಾಗ ಅದು ಹೊಸದೊಂದು ವೈರಸ್ಸು, ಉಣುಗಿನ ಕಡಿತದಿಂದ ಹರಡುವಂಥದ್ದು ಎಂದು ತಿಳಿಯಿತು. ಸಿಕ್ಕಿದ ಕಾಡಿನ ಹೆಸರನ್ನೇ ಅದಕ್ಕಿಟ್ಟರು: ಕ್ಯಾಸನೂರು ಕಾಡಿನ ಕಾಯಿಲೆ. ಆಫ್ರಿಕಾದ ಎಬೋಲ ಒಂದು ನದಿ, ಝಿಕಾ ಒಂದು ಕಾಡು, ಮಲೇಷ್ಯಾದ ನಿಪಾ ಒಂದು ಹಳ್ಳಿ. ಆ ಸಾಲಿಗೆ ನಮ್ಮೂರೂ ಸೇರಿತು. ಹೀಗೆ ಹೊಸ ರೋಗಗಳಿಗೆ ಊರಿನ ಹೆಸರಿಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚನೆ ಕೊಟ್ಟಿತು. ನಮ್ಮ ಪಾಲಿಗೆ ಅದು 58 ವರ್ಷ ತಡವಾಗಿ ಬಂತು.

ರೋಗ ಹೆಸರಿನ ಊರಿನಲ್ಲೇ ಉಳಿಯಲಿಲ್ಲ. ಬಂಡೀಪುರ, ವಯನಾಡು, ಗೋವಾ, ಮಹಾರಾಷ್ಟ್ರಗಳಲ್ಲೂ ಕಾಣಿಸಿತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಎಷ್ಟೋ ಮನೆಗಳ ದೀಪ ಆರಿತು. ಇಲ್ಲಿ ಕುಳಿತಿರುವವರಲ್ಲೂ ಈ ಜ್ವರಕ್ಕೆ ತಮ್ಮವರನ್ನು ಕಳೆದುಕೊಂಡವರು ಇದ್ದೀರಿ. ಅವರು ಕಾಡಿಗೆ ಹೋದದ್ದು ಮೋಜಿಗಲ್ಲ. ಕೊಟ್ಟಿಗೆಗೆ ತರಗೆಲೆ ಬೇಕಿತ್ತು, ಒಲೆಗೆ ಸೌದೆ ಬೇಕಿತ್ತು.

ಇಂದು ಓದಿದ ಸಂತ ಮಾರ್ಕನ ಶುಭಸಂದೇಶವನ್ನು ಈ ನೋವಿನ ಪಕ್ಕದಲ್ಲಿಟ್ಟು ಕೇಳಿ. ಹೊತ್ತು ಮೂಡುವಾಗ ಮೂವರು ಹೆಂಗಸರು ಸುಗಂಧದ್ರವ್ಯ ಹಿಡಿದು ಸಮಾಧಿಗೆ ಬಂದರು. ಕಲ್ಲು ಉರುಳಿತ್ತು. ಒಳಗೆ ಬಿಳಿಯ ನಿಲುವಂಗಿ ತೊಟ್ಟ ಯುವಕನೊಬ್ಬ ಕುಳಿತಿದ್ದ. ಪುನರುತ್ಥಾನಗೊಂಡ ಪ್ರಭುವನ್ನು ಆತ ಯಾವ ಹೆಸರಿನಿಂದ ಕರೆದ? ಮಹಿಮೆಯ ಅರಸನೆಂದೇ? ಸ್ವರ್ಗದ ಒಡೆಯನೆಂದೇ? ಇಲ್ಲ. ಶಿಲುಬೆಗೇರಿಸಲಾದ ನಜರೇತಿನ ಯೇಸು ಎಂದ.

ನಜರೇತು ಹೆಸರು ಕೆಟ್ಟ ಊರು. ಫಿಲಿಪ್ಪನು ಆ ಊರಿನ ಹೆಸರೆತ್ತಿದಾಗ, ಅಲ್ಲಿಂದ ಒಳ್ಳೆಯದೇನಾದರೂ ಬಂದೀತೇ ಎಂದು ನತಾನಿಯೇಲ ಮೂಗು ಮುರಿದ. ಪಿಲಾತನು ಅದೇ ಊರಿನ ಹೆಸರನ್ನು ಮೂರು ಭಾಷೆಗಳಲ್ಲಿ ಬರೆಸಿ ಶಿಲುಬೆಯ ಮೇಲೆ ಹಚ್ಚಿಸಿದ. ಸಾವನ್ನು ಗೆದ್ದು ಎದ್ದವರು ಕನಿಷ್ಠ ಆ ಊರಿನ ಹೆಸರನ್ನಾದರೂ ಸಮಾಧಿಯಲ್ಲಿ ಹೆಣದ ಬಟ್ಟೆಯ ಜೊತೆ ಬಿಟ್ಟು ಬರಬಹುದಿತ್ತು. ಬಿಡಲಿಲ್ಲ. ಕೈಕಾಲಿನ ಗಾಯಗಳನ್ನು ಉಳಿಸಿಕೊಂಡ ಹಾಗೆಯೇ ಊರಿನ ಹೆಸರನ್ನೂ ಉಳಿಸಿಕೊಂಡರು. ಶಿಷ್ಯರನ್ನು ಭೇಟಿಯಾಗಲು ಆರಿಸಿಕೊಂಡದ್ದೂ ಜೆರುಸಲೇಮಿನ ದೊಡ್ಡವರು ಹಗುರವಾಗಿ ಕಾಣುತ್ತಿದ್ದ ಗಲಿಲೇಯವನ್ನೇ.

ಆ ಯುವಕ ಈ ಸಲ ರಜೆಗೆ ಊರಿಗೆ ಬಂದಿದ್ದಾನೆ, ಇಲ್ಲೇ ಎಲ್ಲೋ ಕುಳಿತಿದ್ದಾನೆ. ನಾನು ಅವನ ಕಡೆ ನೋಡುವುದಿಲ್ಲ. ಮಗನೇ, ಮುಂದಿನ ಸಲ ಯಾರಾದರೂ ಕೇಳಿದರೆ ಕ್ಯಾಸನೂರು ಎಂದೇ ಹೇಳು. ಈ ಕಾಯಿಲೆ ಮನುಷ್ಯನಿಂದ ಮನುಷ್ಯನಿಗೆ ಅಂಟುವುದಿಲ್ಲ ಎಂಬುದನ್ನೂ ಜೊತೆಗೆ ಹೇಳು. ಹಾಸಿಗೆ ಎಳೆದುಕೊಂಡವನಿಗೆ ಅದು ಗೊತ್ತಿರಲಿಲ್ಲ, ಅಷ್ಟೆ.

ಮನೆಯಲ್ಲಿರುವವರಿಗೂ ಒಂದು ಮಾತು. ಹೆಸರಿಗೆ ನಾಚಿಕೊಂಡು ಜ್ವರವನ್ನು ಮುಚ್ಚಿಡಬೇಡಿ. ಲೆಂಟ್ ಎಂಬ ಇಂಗ್ಲಿಷ್ ಪದಕ್ಕೆ ಹಗಲು ಉದ್ದವಾಗುವ ಕಾಲ ಎಂದು ಮೂಲಾರ್ಥ. ಜರ್ಮನ್ನರ ಲೆಂಜ್, ಡಚ್ಚರ ಲೆಂಟೆ ಎಂದರೆ ವಸಂತಋತು. ಅವರಿಗೆ ಹೂವಿನ ಕಾಲ, ನಮಗೆ ಉಣುಗಿನ ಕಾಲ. ಪಾಸ್ಕ ಬಂದ ಮಾತ್ರಕ್ಕೆ ಅದು ಮುಗಿಯುವುದಿಲ್ಲ, ಮಳೆ ಹಿಡಿಯುವವರೆಗೂ ಇರುತ್ತದೆ. ಕಾಡಿಗೆ ಹೋಗುವಾಗ ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ ಹಚ್ಚಿಕೊಳ್ಳಿ, ಬಂದವರು ಬಿಸಿನೀರಿನಲ್ಲಿ ಮೈ ತೊಳೆದು ಬಟ್ಟೆ ಬದಲಿಸಿ. ಸತ್ತ ಮಂಗ ಕಂಡರೆ ಮುಟ್ಟದೆ ಸುದ್ದಿ ಮುಟ್ಟಿಸಿ. ಹಳೆಯ ಲಸಿಕೆ ಅಷ್ಟಾಗಿ ಫಲ ಕೊಡುತ್ತಿಲ್ಲವೆಂದು 2022ರಲ್ಲಿ ನಿಲ್ಲಿಸಿದ್ದಾರೆ. ಆದ್ದರಿಂದ, ಆಗಲೇ ಚುಚ್ಚಿಸಿಕೊಂಡಿದ್ದೇನೆ ಎಂಬ ಧೈರ್ಯದಲ್ಲಿ ಇರಬೇಡಿ. ಹಬ್ಬದ ರಾತ್ರಿ ಪೀಠದಿಂದ ಆಡುವ ಮಾತೇ ಇದು ಎಂದು ಯಾರಿಗಾದರೂ ಅನ್ನಿಸಿದರೆ ಅನ್ನಿಸಲಿ. ಜೀವವನ್ನು ಕೊಂಡಾಡುವ ರಾತ್ರಿಯಲ್ಲಿ ಜೀವ ಉಳಿಸುವ ಮಾತಿಗೆ ಜಾಗವಿರಬೇಕು.

ಇನ್ನು ದೀಕ್ಷಾಸ್ನಾನದ ಪ್ರತಿಜ್ಞೆಗಳನ್ನು ನವೀಕರಿಸೋಣ. ನಾಲ್ಕನೆಯ ಶತಮಾನದಲ್ಲಿ ಜೆರುಸಲೇಮಿನ ಧರ್ಮಾಧ್ಯಕ್ಷರಾಗಿದ್ದ ಸಂತ ಸಿರಿಲ್ ಅವರ ಸಭೆಯಲ್ಲಿ ದೀಕ್ಷಾರ್ಥಿಗಳು ಮೊದಲು ಪಶ್ಚಿಮಕ್ಕೆ ಮುಖಮಾಡಿ ಸೈತಾನನನ್ನು ತ್ಯಜಿಸುತ್ತಿದ್ದರು, ಬಳಿಕ ಪೂರ್ವಕ್ಕೆ ತಿರುಗಿ ವಿಶ್ವಾಸವನ್ನು ಪ್ರಕಟಿಸುತ್ತಿದ್ದರು. ಕನ್ನಡದಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಪಡುವಣ ಎಂದರೆ ಹೊತ್ತು ಪಡುವ ದಿಕ್ಕು, ಬೀಳುವ ದಿಕ್ಕು. ಮೂಡಣ ಎಂದರೆ ಮೂಡುವ ದಿಕ್ಕು. ಈಸ್ಟರ್ ಎಂಬ ಪದದ ಬೇರಿನಲ್ಲಿ ಇರುವುದು ನಮ್ಮ ಗದ್ದೆಯ ಬದುವಿನ ಮೇಲೆ ದಿನವೂ ಆಡುವ ಈ ಮಾತಿನಲ್ಲೇ ಇದೆ.

ಈ ಮಂದಿರದ ಮೂಡಣ ನಿಮ್ಮ ಎಡಗಡೆಗಿದೆ, ಗದ್ದೆಯ ಕಡೆಯ ಕಿಟಕಿ. ಎಲ್ಲರೂ ಎದ್ದು ನಿಲ್ಲಿ. ಪಾಸ್ಕದ ದೊಡ್ಡ ಮೇಣದ ಬತ್ತಿಯಿಂದ ಮೊದಲ ಸಾಲಿನವರು ಹೊತ್ತಿಸಿಕೊಂಡು ಹಿಂದಿನವರಿಗೆ ದಾಟಿಸಿ. ಮಕ್ಕಳೇ, ಮೇಣ ಕೈಮೇಲೆ ಬೀಳದಂತೆ ಹಿಡಿಯಿರಿ. ಎಲ್ಲರ ಬತ್ತಿ ಹೊತ್ತಿದ ಮೇಲೆ ಆ ಕಿಟಕಿಯ ಕಡೆ ತಿರುಗೋಣ.