ಜಾಹೀರಾತು ಮತ್ತು ಸ್ತ್ರೀಗೌರವ

(ಉಪನ್ಯಾಸದ ಲೇಖನರೂಪ)



ವಸ್ತುವಿನ ಗುಣ, ಬೆಲೆ, ಉಪಯೋಗಗಳನ್ನು ಗ್ರಾಹಕನಿಗೆ ತಿಳಿಸುವುದು ಜಾಹೀರಾತಿನ ಕರ್ತವ್ಯ. ಸೀರೆಯ ಜಾಹೀರಾತಿನಲ್ಲಿ ಸ್ತ್ರೀಯ ಚಿತ್ರವಿರುವುದು ಸಹಜ. ಆದರೆ ಹಿಂದೊಮ್ಮೆ ಟಿ.ವಿ.ಯಲ್ಲಿ ಬರುತ್ತಿದ್ದ ಸಿಮೆಂಟಿನ ಜಾಹೀರಾತೊಂದರಲ್ಲಿ ಈಜುಡುಗೆಯ ತರುಣಿಯೊಬ್ಬಳು ಸಮುದ್ರದಿಂದ ಎದ್ದುಬರುತ್ತಿದ್ದಳು. ಸಿಮೆಂಟಿನ ಗುಣವನ್ನು ಅಳೆಯುವ ಕ್ರಮವೇ ಬೇರೆ. ಅದರಿಂದ ಮಾಡಿದ ಗಾರೆಯ ಘನಾಕೃತಿಗಳನ್ನು 28 ದಿನಗಳ ನಂತರ ಒತ್ತಿ ಪರೀಕ್ಷಿಸುತ್ತಾರೆ. 43, 53 ಎಂಬ ದರ್ಜೆಗಳು ಆ ಬಲವನ್ನೇ ಸೂಚಿಸುತ್ತವೆ. ಈ ವಿಷಯದಲ್ಲಿ ಆ ತರುಣಿ ಹೇಳುವುದಾದರೂ ಏನು? ಏನೂ ಇಲ್ಲ. ಹೇಳಬೇಕಾದುದನ್ನು ಹೇಳದೆ, ಗಂಡಸರ ಕಣ್ಣನ್ನು ಸೆಳೆಯಲು ಆಕೆಯ ದೇಹವನ್ನು ಮುಂದೊಡ್ಡಲಾಗಿದೆ. ಸ್ತ್ರೀಗೆ ಅವಮಾನವಾಗುವುದು ಇಲ್ಲಿಯೇ.

ನಮ್ಮ ಕಾನೂನು ಈ ಸೂಕ್ಷ್ಮವನ್ನು ಅರಿಯದೆ ಇಲ್ಲ. 1986ರಲ್ಲಿ ಸಂಸತ್ತು ಸ್ತ್ರೀಯರ ಅಸಭ್ಯ ನಿರೂಪಣೆಯನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಆ ಮಸೂದೆಯನ್ನು ರಾಜ್ಯಸಭೆಯಲ್ಲಿ ಮಂಡಿಸಿದವರು ಮಂಗಳೂರಿನಲ್ಲಿ ಜನಿಸಿದ ಶ್ರೀಮತಿ ಮಾರ್ಗರೆಟ್ ಆಳ್ವ. ಅಸಭ್ಯವಾದ ಚಿತ್ರಣದ ಜೊತೆಗೆ, ಸ್ತ್ರೀಯರನ್ನು ಕೀಳಾಗಿಸುವ, ಅವಹೇಳನ ಮಾಡುವ ಚಿತ್ರಣವನ್ನೂ ಅದರ ವ್ಯಾಖ್ಯೆ ಪ್ರತ್ಯೇಕವಾಗಿ ಹೆಸರಿಸಿದೆ. ಲೋಕದ ದೃಷ್ಟಿ ಮಾತ್ರ ಮೊದಲನೆಯದರಲ್ಲೇ, ಎಂದರೆ ಬಟ್ಟೆಯ ಅಳತೆಯಲ್ಲೇ, ನಿಂತುಬಿಟ್ಟಿದೆ.

ಎರಡು ನಿದರ್ಶನಗಳನ್ನು ನೋಡಬಹುದು. 1995ರಲ್ಲಿ ಷೂಗಳ ಜಾಹೀರಾತೊಂದರಲ್ಲಿ ಒಬ್ಬ ಪುರುಷ, ಒಬ್ಬ ಸ್ತ್ರೀ ಷೂಗಳ ಹೊರತು ಬೇರೇನನ್ನೂ ಧರಿಸದೆ, ಹೆಬ್ಬಾವನ್ನು ಸುತ್ತಿಕೊಂಡು ನಿಂತಿದ್ದರು. ಮುಂಬಯಿಯಲ್ಲಿ ದಾಖಲಾದ ಮೊಕದ್ದಮೆ 14 ವರ್ಷ ನಡೆದು, 2009ರಲ್ಲಿ ಆರೋಪಿಗಳು ಖುಲಾಸೆಗೊಂಡರು. ನಗ್ನತೆಯಿದ್ದ ಮಾತ್ರಕ್ಕೆ ಚಿತ್ರ ಅಶ್ಲೀಲವಾಗದು, ಸಂದರ್ಭವನ್ನೂ ನೋಡಬೇಕು ಎಂದು ಬೇರೊಂದು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಹೇಳಿತು.

ಇನ್ನೊಂದು 2022ರ ಜೂನ್ ತಿಂಗಳಿನದು. ಗಂಡಸರ ಸುಗಂಧದ್ರವ್ಯದ ಜಾಹೀರಾತು. ಅಂಗಡಿಯಲ್ಲಿ ನಾಲ್ವರು ಯುವಕರು, ಎದುರಿಗೆ ಒಬ್ಬಳೇ ತರುಣಿ. ಆಕೆ ಮೈತುಂಬ ಬಟ್ಟೆ ಧರಿಸಿದ್ದಳು. 'ನಾವು ನಾಲ್ವರು, ಇದು ಒಂದೇ' ಎಂಬ ಅರ್ಥದ ಮಾತು ಕಿವಿಗೆ ಬಿದ್ದೊಡನೆ ಆಕೆ ಭಯದಿಂದ ತಿರುಗುತ್ತಾಳೆ. ಮಾತು ಸೀಸೆಯ ಕುರಿತಾದುದೆಂದು ಅನಂತರ ತಿಳಿಯುತ್ತದೆ. ಸ್ತ್ರೀಯ ಪ್ರಾಣಭೀತಿಯೇ ಇಲ್ಲಿ ಹಾಸ್ಯದ ವಸ್ತು. ವಾರ್ತಾ ಮತ್ತು ಪ್ರಸಾರ ಸಚಿವಾಲಯ ಅದನ್ನು ತೆಗೆಯಿಸಿತು. ಕಂಪನಿ ಕ್ಷಮೆ ಕೋರಿತು. ಈ ಎರಡರಲ್ಲಿ ಸ್ತ್ರೀಯನ್ನು ಹೆಚ್ಚು ಹೀನಾಯಗೊಳಿಸಿದುದು ಯಾವುದೆಂದು ಸಭಾಸದರೇ ನಿರ್ಣಯಿಸಬಹುದು.

ಬೇಲೂರಿನ ಶಿಲಾಬಾಲಿಕೆಯರಿಲ್ಲವೇ ಎಂದು ಕೆಲವರು ವಾದಿಸುವುದುಂಟು. ಆ ಶಿಲ್ಪಗಳನ್ನು ಗಮನವಿಟ್ಟು ನೋಡಬೇಕು. ಒಬ್ಬಳು ಕನ್ನಡಿ ಹಿಡಿದು ತನ್ನನ್ನು ತಾನೇ ನೋಡಿಕೊಳ್ಳುತ್ತಿದ್ದಾಳೆ, ಒಬ್ಬಳು ನರ್ತಿಸುತ್ತಿದ್ದಾಳೆ, ಮತ್ತೊಬ್ಬಳು ಬೇಟೆಗೆ ಹೊರಟಿದ್ದಾಳೆ. ಪ್ರತಿಯೊಬ್ಬಳೂ ತನ್ನ ಕಾರ್ಯದಲ್ಲಿ ಮಗ್ನಳು. ಯಾರ ಸರಕನ್ನೂ ಮಾರಲು ಅವಳು ಅಲ್ಲಿ ನಿಂತಿಲ್ಲ.

ರೂಪದರ್ಶಿ ಒಪ್ಪಿ ಹಣ ಪಡೆದಿರುವಾಗ ಆಕ್ಷೇಪವೇಕೆ ಎಂಬುದು ಮತ್ತೊಂದು ವಾದ. ಅವಳ ಒಪ್ಪಿಗೆ ಅವಳಿಗೆ ಮಾತ್ರ ಸಂಬಂಧಿಸಿದ್ದು. ಆ ಫಲಕದ ಕೆಳಗೆ ಲೋಕಲ್ ಗಾಡಿಗಾಗಿ ಕಾಯುವ ನೌಕರಿಯ ಹೆಣ್ಣುಮಗಳು ಯಾವುದಕ್ಕೂ ಒಪ್ಪಿಲ್ಲ, ಹಣವನ್ನೂ ಪಡೆದಿಲ್ಲ. ಆದರೂ ಫಲಕವನ್ನು ನೋಡಿದ ಕಣ್ಣುಗಳು ಅವಳತ್ತಲೂ ತಿರುಗುತ್ತವೆ.

ಹಾಗಾದರೆ ಪರಿಹಾರವೇನು? 1986ರ ಕಾಯಿದೆ ಮೊದಲ ಅಪರಾಧಕ್ಕೆ ಎರಡು ವರ್ಷದವರೆಗೆ ಸೆರೆವಾಸವನ್ನೂ 2,000 ರೂಪಾಯಿಯವರೆಗೆ ದಂಡವನ್ನೂ ನಿಗದಿಪಡಿಸಿತು. ಪ್ರಚಾರಕ್ಕೆ ಕೋಟಿಗಟ್ಟಲೆ ವ್ಯಯಿಸುವವರಿಗೆ ಈ ದಂಡ ಒಂದು ಲೆಕ್ಕವೇ ಅಲ್ಲ. ಜಾಹೀರಾತು ಉದ್ಯಮದವರೇ 1985ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿಕೊಂಡ ಭಾರತೀಯ ಜಾಹೀರಾತು ಮಾನದಂಡ ಮಂಡಳಿಗೆ ಯಾವ ಗ್ರಾಹಕನಾದರೂ ದೂರು ಸಲ್ಲಿಸಬಹುದು. ಮನೆಯಲ್ಲಿ ಗೊಣಗುವವರು ಅನೇಕರು. ಬರೆದು ಕಳುಹಿಸುವವರು ವಿರಳ.

ಮನೆಯಲ್ಲಿಯೂ ಒಂದು ಕಾರ್ಯವಿದೆ. ಅಂತಹ ಜಾಹೀರಾತು ಬಂದಾಗ ಹಿರಿಯರು ತಟಕ್ಕನೆ ಚಾನೆಲ್ ಬದಲಿಸುತ್ತಾರೆ. ಸ್ತ್ರೀಯ ದೇಹವೇ ನಾಚಿಕೆಯ ವಸ್ತುವೆಂಬ ತಪ್ಪು ಪಾಠವನ್ನು ಪಕ್ಕದಲ್ಲಿ ಕುಳಿತ ಹುಡುಗ ಕಲಿಯುತ್ತಾನೆ. ಅದರ ಬದಲು, 'ಮಗೂ, ಇದರಿಂದ ಸಿಮೆಂಟಿನ ವಿಷಯ ನಿನಗೇನು ತಿಳಿಯಿತು?' ಎಂದು ಅವನನ್ನು ಕೇಳಬೇಕು. ಏನೂ ತಿಳಿಯಲಿಲ್ಲವೆಂದು ಅವನೇ ಹೇಳುವನು. ಹಾಗಾದರೆ ಆಕೆಯನ್ನು ಅಲ್ಲಿ ನಿಲ್ಲಿಸಿದುದೇಕೆ ಎಂಬ ಪ್ರಶ್ನೆ ಅವನಲ್ಲಿಯೇ ಹುಟ್ಟಲಿ. ಸ್ತ್ರೀಗೌರವದ ಶಿಕ್ಷಣ ಅಲ್ಲಿಂದ ಆರಂಭವಾಗುತ್ತದೆ.